ಪೊರೆಯೂ ಇದೆ, ಗ್ಲಾಕೋಮಾವೂ ಇದೆ: ಆಪರೇಷನ್ ಒಂದೇ ಸಲವೋ, ಎರಡು ಸಲವೋ?

ಆಳಂದದ ಮಗ · ಫೆಬ್ರವರಿ 9, ರಾತ್ರಿ 9:40

ಅಪ್ಪನಿಗೆ 68 ವರ್ಷ. ಆಳಂದ ತಾಲ್ಲೂಕಿನ ಊರಿನಲ್ಲೇ ಇದ್ದಾರೆ, ಆರು ಎಕರೆ ತೊಗರಿ ಹೊಲ. ನಾನು ಕೆಲಸಕ್ಕಾಗಿ ಕಲಬುರಗಿಯಲ್ಲಿದ್ದೇನೆ. ಎರಡು ವರ್ಷದ ಹಿಂದೆ ಕನ್ನಡಕ ಬದಲಿಸಲು ಕರೆದುಕೊಂಡು ಹೋದಾಗ ಗ್ಲಾಕೋಮಾ, ಅಂದರೆ ಒತ್ತಡದಿಂದ ಕಣ್ಣಿನ ನರ ಸವೆಯುವ ರೋಗ, ಇರುವುದು ಗೊತ್ತಾಯಿತು. ಅಂದಿನಿಂದ ಹನಿ ಹಾಕುತ್ತಿದ್ದೇವೆ. ಈಗ ಎರಡೂ ಕಣ್ಣಿಗೆ ಪೊರೆ ಬಂದಿದೆ. ಈ ಸಲ ರಾಶಿ ಮುಗಿದ ಮೇಲೆ ಚೀಲದ ಬಾಯಿ ಹೊಲಿಯಲು ಕುಳಿತವರು ದಬ್ಬಣಕ್ಕೆ ಸುತಳಿ ಪೋಣಿಸಲಾಗದೆ ಪಕ್ಕದ ಹುಡುಗನ ಕೈಗೆ ಕೊಟ್ಟರು. ಒಂದು ಮಾತೂ ಆಡಲಿಲ್ಲ. ಅದನ್ನು ನೋಡಿದ ಮೇಲೆ ನನಗೆ ನಿದ್ದೆ ಹತ್ತುತ್ತಿಲ್ಲ.

ಇಬ್ಬರು ವೈದ್ಯರಿಗೆ ತೋರಿಸಿದೆವು. ಮೊದಲನೆಯವರು, "ಪೊರೆ ತೆಗೆದು ಲೆನ್ಸ್ ಹಾಕೋಣ, ಒತ್ತಡವೂ ತುಸು ಇಳಿಯುತ್ತದೆ, ಹನಿ ಮುಂದುವರಿಸಿ" ಎಂದರು. ಎರಡನೆಯವರು, "ಬಲಗಣ್ಣಿಗೆ ಪೊರೆ ಮತ್ತು ಗ್ಲಾಕೋಮಾ ಎರಡರ ಶಸ್ತ್ರಚಿಕಿತ್ಸೆಯನ್ನೂ ಒಟ್ಟಿಗೇ ಮಾಡಬೇಕು, ತಡಮಾಡಬೇಡಿ" ಎಂದರು. ಇಬ್ಬರೂ ಸಮಾಧಾನದಿಂದಲೇ ವಿವರಿಸಿದರು, ಇಬ್ಬರ ಮಾತೂ ಸರಿ ಎನಿಸಿತು. ಅದೇ ತೊಂದರೆ. ಇಂಥದ್ದನ್ನು ಮನೆಯಲ್ಲಿ ಕಂಡವರು ಯಾರಾದರೂ ಇದ್ದೀರಾ?

ತೊಗರಿ ಕಣಜ · ಫೆಬ್ರವರಿ 9, ರಾತ್ರಿ 10:05

ಎರಡು ಆಪರೇಷನ್ ಎಂದರೆ ಎರಡು ಬಿಲ್. ಇದರಲ್ಲಿ ವಿಚಾರ ಮಾಡುವುದೇನಿದೆ? ನಮ್ಮೂರಿನಲ್ಲಿ ವರ್ಷಕ್ಕೆ ನಲವತ್ತು ಜನ ಪೊರೆ ತೆಗೆಸಿಕೊಂಡು ಮರುದಿನ ಮನೆಗೆ ಬರುತ್ತಾರೆ. ಮೊದಲನೆಯವರ ಮಾತು ಕೇಳಿ.

ಕಣ್ಣಳತೆ ಯಾದಗಿರಿ · ಫೆಬ್ರವರಿ 9, ರಾತ್ರಿ 11:20

ಕಣಜ ಸರ್, ಆ ನಲವತ್ತು ಜನರಿಗೆ ಬರೀ ಪೊರೆ. ಇದು ಬೇರೆ ಲೆಕ್ಕ.

ನಾನು ಯಾದಗಿರಿ ಜಿಲ್ಲೆಯಲ್ಲಿ ನೇತ್ರಾಧಿಕಾರಿ. ಆಪರೇಷನ್ ಮಾಡುವವನಲ್ಲ, ತಪಾಸಣೆ ಮಾಡಿ ಕಳುಹಿಸುವವನು. ಆದ್ದರಿಂದ ನನ್ನ ಮಾತನ್ನು ತೀರ್ಪು ಎಂದುಕೊಳ್ಳಬೇಡಿ. ಆಳಂದದವರೇ, ಯಾವ ವೈದ್ಯರು ಸರಿ ಎನ್ನುವ ಮುಂಚೆ ನಾಲ್ಕು ಸಂಗತಿ ಬೇಕು: ಎರಡೂ ಕಣ್ಣಿನ ಒತ್ತಡ ಎಷ್ಟು, ಅದು ಎಷ್ಟು ಬಗೆಯ ಹನಿ ಹಾಕಿದ ಮೇಲಿನ ಒತ್ತಡ, ಕಣ್ಣಿನ ನರಕ್ಕೆ ಎಷ್ಟು ಹಾನಿಯಾಗಿದೆ, ಮತ್ತು ಗೋನಿಯೋಸ್ಕೋಪಿ ಮಾಡಿದ್ದಾರೆಯೇ. ಕೊನೆಯದನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ. ಕಣ್ಣಿಗೆ ಒಂದು ವಿಶೇಷ ಗಾಜನ್ನು ತಾಗಿಸಿ, ನೀರು ಹೊರಹೋಗುವ ಮೂಲೆ ತೆರೆದಿದೆಯೋ ಮುಚ್ಚಿದೆಯೋ ಎಂದು ನೋಡುವ ಪರೀಕ್ಷೆ ಅದು.

ನಮ್ಮ ಕಡೆಯ ರೈತರಿಗೆ ನಾನು ಹೀಗೆ ಹೇಳುತ್ತೇನೆ. ಕಣ್ಣಿನೊಳಗೆ ಸದಾ ಒಂದು ತೆಳು ನೀರು ಊರುತ್ತಿರುತ್ತದೆ, ಅಂಚಿನ ಮೂಲೆಯ ಜಾಳಿಗೆಯಿಂದ ಹೊರಹೋಗುತ್ತಿರುತ್ತದೆ. ಕಣ್ಣೀರು ಬೇರೆ, ಇದು ಬೇರೆ. ಕೆರೆಗೆ ನೀರು ಬರುತ್ತಲೇ ಇದ್ದು ತೂಬು ಕಟ್ಟಿಕೊಂಡರೆ ಏನಾಗುತ್ತದೆ? ಕಟ್ಟೆಯ ಮೇಲೆ ಒತ್ತಡ. ಕಣ್ಣಿನಲ್ಲಿ ಆ ಕಟ್ಟೆಯ ಅತಿ ಮೆತ್ತಗಿನ ಜಾಗವೇ ದೃಷ್ಟಿ ನರ. ಸಾಮಾನ್ಯವಾಗಿ ಒತ್ತಡ, ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ, 10ರಿಂದ 21ರ ನಡುವೆ ಇರುತ್ತದೆ. ಆದರೆ ಆಗಲೇ ಸವೆದ ನರಕ್ಕೆ 18 ಕೂಡ ಹೆಚ್ಚಾದೀತು.

ಹನಿಗಳು ಒಳಹರಿವನ್ನು ತಗ್ಗಿಸುತ್ತವೆ, ಇಲ್ಲವೇ ಹೊರಹರಿವನ್ನು ಹೆಚ್ಚಿಸುತ್ತವೆ. ಗ್ಲಾಕೋಮಾದ ಶಸ್ತ್ರಚಿಕಿತ್ಸೆಯಾದ ಟ್ರಾಬೆಕ್ಯುಲೆಕ್ಟಮಿ ಎಂದರೆ ಹೊಸ ತೂಬು ತೆಗೆಯುವುದು. ಬಿಳಿಗುಡ್ಡೆಯಲ್ಲಿ ಮುಚ್ಚಳದಂಥ ಒಂದು ಸಣ್ಣ ಕಿಂಡಿ ಮಾಡಿ, ನೀರು ಮೇಲಿನ ತೆಳು ಹೊದಿಕೆಯ ಕೆಳಗೆ ಇಳಿಯುವಂತೆ ಮಾಡುತ್ತಾರೆ. 1968ರಲ್ಲಿ ಕೇರ್ನ್ಸ್ ಎಂಬ ವೈದ್ಯರು ಇದನ್ನು ವಿವರಿಸಿದರು. ಇಂದಿಗೂ ಒತ್ತಡವನ್ನು ತೀರ ಕೆಳಗಿಳಿಸಬೇಕಾದಾಗ ಹೆಚ್ಚಿನವರು ಇದನ್ನೇ ನೆಚ್ಚುತ್ತಾರೆ.

ಆಳಂದದ ಮಗ · ಫೆಬ್ರವರಿ 11, ರಾತ್ರಿ 8:15

ಸರ್, ಫೈಲ್ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಬಲಗಣ್ಣು: ಮೂರು ಬಗೆಯ ಔಷಧ ಹಾಕಿಯೂ ಒತ್ತಡ 26, ನರದ ಗುಂಡಿ 0.9 (ಇದು 1ರ ಹತ್ತಿರ ಹೋದಷ್ಟೂ ಹಾನಿ ಹೆಚ್ಚಂತೆ). ಎಡಗಣ್ಣು: ಎರಡು ಔಷಧಕ್ಕೆ 17, ಗುಂಡಿ 0.7. ಗೋನಿಯೋಸ್ಕೋಪಿಯನ್ನು ಎರಡನೆಯ ವೈದ್ಯರು ಮಾತ್ರ ಮಾಡಿದ್ದಾರೆ, ಎರಡೂ ಕಡೆ ಮೂಲೆ ತೆರೆದಿದೆ ಎಂದು ಬರೆದಿದ್ದಾರೆ.

ಪೆರಿಮೆಟ್ರಿಯನ್ನು, ಅಂದರೆ ಸುತ್ತಲಿನ ನೋಟದ ಪರೀಕ್ಷೆಯನ್ನು, ಮೂರು ಸಲ ಮಾಡಬೇಕಾಯಿತು. ಡಬ್ಬಿಯೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಬೇಕಲ್ಲ, ಅಪ್ಪ ಕಾಣದಿದ್ದರೂ ಒತ್ತುತ್ತಿದ್ದರಂತೆ. ಯಾಕೆ ಎಂದು ಕೇಳಿದರೆ, "ಅಷ್ಟು ದೊಡ್ಡ ಯಂತ್ರ ಇಟ್ಟಿದ್ದಾರೆ, ಸುಮ್ಮನೆ ಕುಳಿತರೆ ಆ ಹುಡುಗಿಗೆ ಬೇಸರವಾಗುವುದಿಲ್ಲವೇ" ಎಂದರು. ಮೂರನೆಯ ಸಲ ಸರಿಯಾಗಿ ಬಂತು. ಬಲಗಣ್ಣಿನ ಹಾಳೆಯಲ್ಲಿ ಮೇಲರ್ಧ ಪೂರ್ತಿ ಕಪ್ಪು. ಅಪ್ಪನಿಗೆ ಅದು ಕಪ್ಪಾಗಿ ಕಾಣುವುದೇ ಇಲ್ಲವಂತೆ. ಅಲ್ಲಿ ಏನೂ ಇಲ್ಲ ಎಂಬುದೇ ಅವರಿಗೆ ಗೊತ್ತಿಲ್ಲ.

ಬಸವಕಲ್ಯಾಣದ ಸೊಸೆ · ಫೆಬ್ರವರಿ 11, ರಾತ್ರಿ 9:30

ಅಣ್ಣಾ, ನಮ್ಮ ಅತ್ತೆಯವರದೂ ಹೀಗೇ ಎಂದುಕೊಂಡು ಓದಿದೆ. ಅವರಿಗೂ ಪೊರೆ, ಗ್ಲಾಕೋಮಾ ಎರಡೂ ಇದ್ದವು, ಒತ್ತಡ 28 ಇತ್ತು. ಆದರೆ ಪೊರೆ ಮಾತ್ರ ತೆಗೆದರು, ಗ್ಲಾಕೋಮಾಕ್ಕೆ ಕತ್ತರಿ ಹಾಕಲೇ ಇಲ್ಲ. ಈಗ ಒಂದೇ ಹನಿ, ಒತ್ತಡ 15. ಅದಕ್ಕೇ ಮೊದಲನೆಯ ವೈದ್ಯರೇ ಸರಿ ಎಂದು ನನಗೆ ತೋರುತ್ತದೆ.

ಕಣ್ಣಳತೆ ಯಾದಗಿರಿ · ಫೆಬ್ರವರಿ 11, ರಾತ್ರಿ 10:50

ಅಕ್ಕಾ, ನಿಮ್ಮ ಅತ್ತೆಯವರ ಚೀಟಿಯಲ್ಲಿ ಕೋನ, ಅಂದರೆ ನೀರು ಹೊರಹೋಗುವ ಆ ಮೂಲೆ, ಮುಚ್ಚಿದೆ ಎಂದು ಬರೆದಿದ್ದರೇ? ಮೊದಲು ಲೇಸರ್‌ನಿಂದ ಪಾಪೆಯ ಸುತ್ತಲಿನ ಬಣ್ಣದ ಪರದೆಯ ಹೊರ ಅಂಚಿನಲ್ಲಿ ಸಣ್ಣ ರಂಧ್ರ ಮಾಡಿದ್ದರೇ?

ಬಸವಕಲ್ಯಾಣದ ಸೊಸೆ · ಫೆಬ್ರವರಿ 12, ಬೆಳಿಗ್ಗೆ 7:10

ಹೌದು. ಎರಡೂ ಹೌದು. ನಿಮಗೆ ಹೇಗೆ ಗೊತ್ತಾಯಿತು?

ಕಣ್ಣಳತೆ ಯಾದಗಿರಿ · ಫೆಬ್ರವರಿ 12, ಮಧ್ಯಾಹ್ನ 2:00

ಒತ್ತಡ ಅಷ್ಟೊಂದು ಇಳಿದದ್ದರಿಂದ. ನಮ್ಮ ಸಹಜ ಮಸೂರ ವಯಸ್ಸಾದಂತೆ ಉಬ್ಬುತ್ತದೆ, 4ರಿಂದ 5 ಮಿಲಿಮೀಟರ್ ದಪ್ಪವಾಗುತ್ತದೆ. ಸಣ್ಣ ಕಣ್ಣಿನವರಲ್ಲಿ ಅದು ಮುಂದಕ್ಕೆ ತಳ್ಳಿ ತೂಬಿನ ಬಾಯಿಯನ್ನೇ ಮುಚ್ಚುತ್ತದೆ. ಅದನ್ನು ತೆಗೆದು ಸುಮಾರು 1 ಮಿಲಿಮೀಟರ್ ದಪ್ಪದ ಕೃತಕ ಲೆನ್ಸ್ ಹಾಕಿದರೆ ಜಾಗ ಬಿಡುವಾಗಿ ಬಾಯಿ ತೆರೆದುಕೊಳ್ಳುತ್ತದೆ. 2016ರಲ್ಲಿ ಪ್ರಕಟವಾದ ಈಗಲ್ ಎಂಬ ಅಧ್ಯಯನದಲ್ಲಿ 419 ಜನ ಇಂಥ ರೋಗಿಗಳಿದ್ದರು. ಪೊರೆ ಇಲ್ಲದ ಮಸೂರವನ್ನೇ ತೆಗೆದವರಿಗೆ, ಲೇಸರ್ ಮತ್ತು ಹನಿಗಳಲ್ಲಿ ಉಳಿದವರಿಗಿಂತ ಒಳ್ಳೆಯದಾಯಿತು.

ಆಳಂದದ ಕಾಕಾ ಅವರದು ತೆರೆದ ಕೋನ. ತೂಬಿನ ಬಾಯಿ ತೆರೆದೇ ಇದೆ, ಒಳಗಿನ ಜಾಳಿಗೆ ಕಟ್ಟಿಕೊಂಡಿದೆ. ಅಂಥ ಕಣ್ಣಿನಲ್ಲಿ ಬರೀ ಪೊರೆ ತೆಗೆದರೆ ಸಾಮಾನ್ಯವಾಗಿ ಇಳಿಯುವುದು ಎರಡರಿಂದ ನಾಲ್ಕು ಅಂಕ. ಎಡಗಣ್ಣಿಗೆ ಅದು ಸಾಲಬಹುದು. ಬಲಗಣ್ಣಿಗೆ 26ರಿಂದ ನಾಲ್ಕು ಕಳೆದರೆ 22. ನರ ಅಷ್ಟು ಸವೆದ ಕಣ್ಣಿಗೆ 12, 13ರ ಆಸುಪಾಸು ಬೇಕು. ಮೇಲಾಗಿ ಪೊರೆ ತೆಗೆದ ಮೊದಲ ದಿನ ಒತ್ತಡ ಒಮ್ಮೆಲೇ ಏರುವುದುಂಟು. ಗಟ್ಟಿ ನರ ತಡೆದುಕೊಂಡೀತು, ಇದು ತಡೆಯಲಿಕ್ಕಿಲ್ಲ. ಎರಡನೆಯ ವೈದ್ಯರು ಬಲಗಣ್ಣಿಗೆ ಮಾತ್ರ ಒಟ್ಟಿಗೇ ಎಂದದ್ದನ್ನು ಗಮನಿಸಿ. ಬಿಲ್ ಹೆಚ್ಚಿಸುವವರಾಗಿದ್ದರೆ ಎರಡೂ ಕಣ್ಣಿಗೆ ಹೇಳುತ್ತಿದ್ದರು, ಕಣಜ ಸರ್.

ತೊಗರಿ ಕಣಜ · ಫೆಬ್ರವರಿ 12, ರಾತ್ರಿ 8:20

ಒಪ್ಪಿದೆ. ಆದರೂ ಒಂದು ಪ್ರಶ್ನೆ. ಈಗ ಪೊರೆ, ಆರು ತಿಂಗಳ ಮೇಲೆ ಹೊಸ ತೂಬು, ಹೀಗೆ ಬೇರೆ ಬೇರೆಯಾಗಿ ಯಾಕೆ ಮಾಡಬಾರದು? ಮುದುಕರ ಕಣ್ಣಿಗೆ ಒಂದೇ ದಿನ ಅಷ್ಟು ತ್ರಾಸ ಯಾಕೆ?

ನಿವೃತ್ತ ಮಾಸ್ತರ, ಬೀದರ · ಫೆಬ್ರವರಿ 13, ಬೆಳಿಗ್ಗೆ 6:30

ಕಣಜ ಅವರ ಪ್ರಶ್ನೆಯನ್ನೇ ನಾನೂ ನನ್ನ ವೈದ್ಯರಿಗೆ ಕೇಳಿದ್ದೆ. ಅವರು ಕೊಟ್ಟ ಉತ್ತರ: ತೂಬನ್ನು ಮೊದಲು ಮಾಡಿದರೆ ಪೊರೆ ಬೇಗ ಬಲಿಯುತ್ತದೆ, ಆಮೇಲೆ ಪೊರೆ ತೆಗೆಯುವಾಗಿನ ಉರಿಯೂತಕ್ಕೆ ಚೆನ್ನಾಗಿ ಹರಿಯುತ್ತಿದ್ದ ತೂಬು ಕಟ್ಟಿಕೊಳ್ಳಬಹುದು. ಪೊರೆಯನ್ನು ಮೊದಲು ತೆಗೆದರೆ, ತೂಬಿನ ದಿನ ಬರುವವರೆಗೆ ನರಕ್ಕೆ ಕಾವಲಿಲ್ಲ. ಒಟ್ಟಿಗೇ ಮಾಡಿದರೆ ಒಂದೇ ಸಲದ ಇಂಜೆಕ್ಷನ್, ಒಂದೇ ಸಲದ ರಜೆ. ಆದರೆ ಬರೀ ತೂಬು ಮಾಡಿದಾಗ ಇಳಿಯುವಷ್ಟು ಒತ್ತಡ ಜೋಡಿ ಆಪರೇಷನ್ನಿನಲ್ಲಿ ಇಳಿಯದೆಯೂ ಇರಬಹುದು. ಯಾವುದರಲ್ಲೂ ಪೂರ್ತಿ ಲಾಭವಿಲ್ಲ. ನಾನು ಗಣಿತದ ಮಾಸ್ತರ, ಇಷ್ಟು ಹೇಳಿದ ಮೇಲೆ ಒಪ್ಪಿಕೊಂಡೆ.

2019ರಲ್ಲಿ ನನ್ನ ಎಡಗಣ್ಣಿಗೆ ಹೈದರಾಬಾದಿನಲ್ಲಿ ಒಟ್ಟಿಗೇ ಆಯಿತು. ಆಪರೇಷನ್ ಏನೂ ಅನಿಸಲಿಲ್ಲ. ಕಣ್ಣಿನ ಪಕ್ಕ ಮರಗಟ್ಟಿಸುವ ಇಂಜೆಕ್ಷನ್ ಚುರುಕ್ಕೆಂದದ್ದು ಬಿಟ್ಟರೆ, ಉಳಿದದ್ದು ಬೆಳಕು ಮತ್ತು ನೀರು. ಮುಂದಿನ ಆರು ವಾರಗಳ ಕತೆ ಯಾರೂ ಮೊದಲು ಹೇಳುವುದಿಲ್ಲ, ಅದನ್ನು ನಾನು ಹೇಳುತ್ತೇನೆ.

ಬರೀ ಪೊರೆಯವರು ಮರುದಿನ ಪಟ್ಟಿ ಬಿಚ್ಚಿ, "ಗೋಡೆಯ ಕ್ಯಾಲೆಂಡರ್ ಕಾಣುತ್ತಿದೆ" ಎಂದು ನಗುತ್ತಾ ಹೋಗುತ್ತಾರೆ. ನನಗೆ ಮರುದಿನ ಮಂಜು ಮಂಜು. ನಾಲ್ಕನೆಯ ದಿನ ಒತ್ತಡ 5ಕ್ಕೆ ಇಳಿಯಿತು. ತೂಬು ಅತಿಯಾಗಿ ಹರಿದರೂ ಕಷ್ಟ, ಕಣ್ಣು ಗಾಳಿ ಬಿಟ್ಟ ಚೆಂಡಿನಂತಾಗುತ್ತದೆ. ಬಗ್ಗಬಾರದು, ಭಾರ ಎತ್ತಬಾರದು, ತಿಣುಕಬಾರದು. ಎರಡನೆಯ ವಾರ ತನಗೆ ತಾನೇ ಸರಿಹೋಯಿತು. ಮೂರನೆಯ ವಾರ ತಿರುಗಿತು, ಒತ್ತಡ 19. ದೇಹಕ್ಕೆ ಅದು ಗಾಯ ಎಂದೇ ತಿಳಿಯುವುದು, ಮುಚ್ಚಲು ನೋಡುತ್ತದೆ. ಅದು ಬೇಗ ಕಲೆಗಟ್ಟದಿರಲಿ ಎಂದೇ ಆಪರೇಷನ್ ವೇಳೆ ಮೈಟೋಮೈಸಿನ್ ಎಂಬ ಔಷಧವನ್ನು ತಾಗಿಸುತ್ತಾರೆ, ಮೂಲತಃ ಅದು ಕ್ಯಾನ್ಸರ್ ಔಷಧ. ಆದರೂ ಬಿಗಿಯಿತು. ಲೇಸರ್‌ನಿಂದ ಒಂದು ಹೊಲಿಗೆ ಕಡಿದು ಸಡಿಲಿಸಿದರು, 12ಕ್ಕೆ ಬಂತು. ಎರಡು ತಾಸಿಗೊಮ್ಮೆ ಸ್ಟೀರಾಯ್ಡ್ ಹನಿ. ಆರು ವಾರದಲ್ಲಿ ಹೈದರಾಬಾದಿಗೆ ಒಂಬತ್ತು ಸಲ ಹೋಗಿ ಬಂದೆ. ಕನ್ನಡಕ ಸಿಕ್ಕಿದ್ದು ಮೂರನೆಯ ತಿಂಗಳು.

ಆದ್ದರಿಂದ ತಮ್ಮಾ, ಯಾವ ಊರಿನ ಆಸ್ಪತ್ರೆ ದೊಡ್ಡದು ಎನ್ನುವ ಮುಂಚೆ, ಒಂಬತ್ತು ಸಲ ಎಲ್ಲಿಗೆ ಹೋಗಿ ಬರಬಲ್ಲೆವು ಎಂದು ಲೆಕ್ಕ ಹಾಕು. ಈ ಆಪರೇಷನ್ನಿನ ಅರ್ಧ ಕೆಲಸ ನಡೆಯುವುದು ಆಪರೇಷನ್ ಆದ ಮೇಲೆ.

ಜೋಳದ ರೊಟ್ಟಿ · ಫೆಬ್ರವರಿ 13, ಬೆಳಿಗ್ಗೆ 9:45

ಯಾಕೆ ಇಷ್ಟೆಲ್ಲ? ಶುದ್ಧ ಜೇನುತುಪ್ಪಕ್ಕೆ ಉಳ್ಳಾಗಡ್ಡಿ ರಸ ಬೆರೆಸಿ ರಾತ್ರಿ ಒಂದು ಹನಿ ಹಾಕಿ, ನಲವತ್ತು ದಿನದಲ್ಲಿ ಪೊರೆ ಕರಗುತ್ತದೆ.

ವೇದಿಕೆ ನಿರ್ವಹಣೆ · ಫೆಬ್ರವರಿ 13, ಬೆಳಿಗ್ಗೆ 10:00

ಮೇಲಿನ ಸಲಹೆಯನ್ನು ಯಾರೂ ಪಾಲಿಸಬೇಡಿ. ಪೊರೆಯನ್ನು ಕರಗಿಸುವ ಹನಿ ಯಾವುದೂ ಇಲ್ಲ. ಉಳ್ಳಾಗಡ್ಡಿ ರಸದಿಂದ ಕಣ್ಣು ಉರಿಯುತ್ತದೆ, ಸೋಂಕು ತಗಲಿದರೆ ಕಪ್ಪುಗುಡ್ಡೆಯ ಮೇಲೆ ಹುಣ್ಣಾಗುತ್ತದೆ. ಮಾತು ಇಲ್ಲಿ ಅಳಿಸದೆ ಬಿಟ್ಟಿರುವುದು ಈ ಉತ್ತರವೂ ಕಾಣಲಿ ಎಂದು.

ಚೌಬಾರಾ · ಫೆಬ್ರವರಿ 14, ರಾತ್ರಿ 9:05

ಬೀದರದಿಂದ ಇನ್ನೊಬ್ಬ. ಮನೆಯಲ್ಲಿ ಉರ್ದು ಮಾತಾಡುವವರು ನಾವು, ನಮ್ಮಲ್ಲಿ ಪೊರೆಗೆ ಮೋತಿಯಾ, ಗ್ಲಾಕೋಮಾಕ್ಕೆ ಕಾಲಾ ಮೋತಿಯಾ ಎನ್ನುತ್ತಾರೆ. ಕನ್ನಡದವರೂ ನಮ್ಮ ಕಡೆ ಪೊರೆಗೆ ಮೋತಿಬಿಂದು ಎನ್ನುವುದುಂಟು. ಈ ಹೆಸರೇ ನಮ್ಮ ಅಮ್ಮಿಗೆ ಮೋಸ ಮಾಡಿತು. ಎರಡೂ ಮೋತಿ, ಒಂದು ಬಿಳಿ, ಇನ್ನೊಂದು ಕಪ್ಪು, ಡಾಕ್ಟರ್ ಎರಡನ್ನೂ ಆರಿಸಿ ತೆಗೆಯುತ್ತಾರೆ ಎಂದೇ ತಿಳಿದಿದ್ದರು. ಆಪರೇಷನ್ ಒಳ್ಳೆಯದೇ ಆಯಿತು, ಒತ್ತಡ 11. ಆದರೆ ಮೂರು ತಿಂಗಳು ನಮ್ಮೊಂದಿಗೆ ಮಾತು ಬಿಟ್ಟರು. "ದುಡ್ಡು ಕೊಟ್ಟು ಒಂದೇ ಮೋತಿ ತೆಗೆಸಿದಿರಿ" ಎಂದು ನೆರೆಯವರ ಬಳಿ ಹೇಳುತ್ತಿದ್ದರು.

ತಪ್ಪು ನಮ್ಮದೇ. ಪೊರೆ ತೆಗೆದರೆ ಪೊರೆ ಮುಚ್ಚಿದ್ದಷ್ಟು ವಾಪಸ್ ಕಾಣುತ್ತದೆ, ನರ ಸವೆದು ಹೋದದ್ದು ವಾಪಸ್ ಬರುವುದಿಲ್ಲ, ತೂಬು ಮಾಡುವುದು ಉಳಿದದ್ದು ಹೋಗದಿರಲಿ ಎಂದು ಮಾತ್ರ. ಇದನ್ನು ಮೊದಲೇ ಕುಳಿತು ಹೇಳಬೇಕಿತ್ತು. ಭಾಯಿ, ನಿಮ್ಮ ತಂದೆಗೆ ಇವತ್ತೇ ಹೇಳಿ.

ಶಹಾಪುರದವ · ಫೆಬ್ರವರಿ 14, ರಾತ್ರಿ 10:30

ಸ್ಟೀರಾಯ್ಡ್ ಹನಿಯ ಮಾತು ಬಂತಲ್ಲ, ನನ್ನ ಹೊಟ್ಟೆಯುರಿ ಕೇಳಿ. ನಮ್ಮ ಆಯಿಗೆ ಒಂದು ಶಿಬಿರದಲ್ಲಿ ಪೊರೆ ತೆಗೆದರು. ಚೆನ್ನಾಗಿ ಕಂಡಿತು. ಕೊಟ್ಟ ಹನಿಯನ್ನು ನಾಲ್ಕು ವಾರಕ್ಕೆ ನಿಲ್ಲಿಸಿ ಎಂದು ಬರೆದಿದ್ದರು. ಓದು ಬಾರದ ಆಯಿ, ತಂಪಾಗುತ್ತದೆ ಎಂದು ಔಷಧ ಅಂಗಡಿಯಿಂದ ಅದನ್ನೇ ಮತ್ತೆ ಮತ್ತೆ ತರಿಸಿಕೊಂಡಳು. ಅಂಗಡಿಯವನು ಚೀಟಿ ಕೇಳಲಿಲ್ಲ. ಎಂಟು ತಿಂಗಳು. ಸ್ಟೀರಾಯ್ಡ್‌ನಿಂದ ಒತ್ತಡ ಏರುತ್ತದೆ ಎಂದು ನಮಗೆ ಗೊತ್ತಾಗುವ ಹೊತ್ತಿಗೆ ಒಂದು ಕಣ್ಣು ಹೋಗಿತ್ತು. ಆಯಿಗೆ ಮೊದಲೇ ಗ್ಲಾಕೋಮಾ ಇತ್ತೋ ಏನೋ, ಶಿಬಿರದಲ್ಲಿ ಒತ್ತಡ ನೋಡಿದ ದಾಖಲೆ ಇಲ್ಲ. ಮುತ್ಯಾ ಇನ್ನೂ ಆ ಖಾಲಿ ಬಾಟಲಿಗಳನ್ನು ಮಾಡದಲ್ಲಿ ಇಟ್ಟಿದ್ದಾನೆ.

ಕಣ್ಣಳತೆ ಯಾದಗಿರಿ · ಫೆಬ್ರವರಿ 15, ಬೆಳಿಗ್ಗೆ 8:00

ಇದನ್ನು ತಿಂಗಳಿಗೊಮ್ಮೆಯಾದರೂ ನೋಡುತ್ತೇನೆ. ಗ್ಲಾಕೋಮಾ ಇರುವವರಲ್ಲಿ, ಅವರ ಮಕ್ಕಳಲ್ಲಿ ಸ್ಟೀರಾಯ್ಡ್‌ಗೆ ಒತ್ತಡ ಏರುವುದು ಉಳಿದವರಿಗಿಂತ ಹೆಚ್ಚು. ಆಪರೇಷನ್ ಆದ ಮೇಲೆ ಅದು ಬೇಕೇ ಬೇಕು, ಹೇಳಿದಷ್ಟು ದಿನ ಮಾತ್ರ. ಆಳಂದದ ಮಗ, ನಿಮಗೂ ನಲವತ್ತು ದಾಟಿದ್ದರೆ ನಿಮ್ಮ ಕಣ್ಣನ್ನೂ ತೋರಿಸಿಕೊಳ್ಳಿ. ತಂದೆಗಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು.

ಬಸವಕಲ್ಯಾಣದ ಸೊಸೆ · ಫೆಬ್ರವರಿ 15, ಮಧ್ಯಾಹ್ನ 1:20

ಕೊಳವೆ ಕೂರಿಸುತ್ತಾರಂತಲ್ಲ, ಸ್ಟೆಂಟ್ ಎಂದು? ಹೃದಯಕ್ಕೆ ಹಾಕುವಂಥದ್ದೇ?

ಕಣ್ಣಳತೆ ಯಾದಗಿರಿ · ಫೆಬ್ರವರಿ 15, ರಾತ್ರಿ 9:15

ಹೆಸರು ಮಾತ್ರ ಅದೇ. ಇದು ಸುಮಾರು 1 ಮಿಲಿಮೀಟರ್ ಉದ್ದದ ಟೈಟಾನಿಯಂ ತುಣುಕು. ಅಮೆರಿಕದಲ್ಲಿ ಪೊರೆಯ ಆಪರೇಷನ್ ಜೊತೆ ಹಾಕಲು ಮೊದಲ ಬಾರಿ ಅನುಮತಿ ಸಿಕ್ಕಿದ್ದು 2012ರಲ್ಲಿ. ಪೊರೆ ತೆಗೆದ ಅದೇ ಕಿಂಡಿಯಿಂದ ಹೋಗಿ ಜಾಳಿಗೆಯಲ್ಲಿ ಕೂರಿಸುತ್ತಾರೆ. ಏನೂ ಕೂರಿಸದೆ ಜಾಳಿಗೆಯನ್ನಷ್ಟೇ ಸೀಳುವ ಬಗೆಯೂ ಇದೆ. ಗುಣವಾಗುವುದು ಬೇಗ, ಅಪಾಯ ಕಡಿಮೆ. ಆದರೆ ಒತ್ತಡವನ್ನು 12ಕ್ಕೆ ತರುವ ಶಕ್ತಿ ಅದಕ್ಕೆ ಸಾಮಾನ್ಯವಾಗಿ ಇಲ್ಲ. ತೆರೆದ ಕೋನದ, ಆರಂಭದ ಅಥವಾ ಮಧ್ಯಮ ಹಂತದ ಕಣ್ಣಿಗೆ ಒಪ್ಪುತ್ತದೆ. ಕಾಕಾ ಅವರ ಎಡಗಣ್ಣಿಗೆ ಕೇಳಿ ನೋಡಬಹುದು. ಹೊಸ ತೂಬೂ ಕಟ್ಟಿಕೊಂಡವರಿಗೆ ದೊಡ್ಡ ಕೊಳವೆಯೇ ಬೇರೆ ಇದೆ, ಮದುರೈನ ಅರೋಲ್ಯಾಬ್ ನಮ್ಮ ದೇಶದಲ್ಲೇ ತಯಾರಿಸುತ್ತದೆ. ಸದ್ಯ ಅಲ್ಲಿಯವರೆಗೆ ಯೋಚಿಸುವುದು ಬೇಡ.

ಲೆನ್ಸ್ ಆರಿಸುವಾಗ ಒಂದು ಎಚ್ಚರ. ಹತ್ತಿರ, ದೂರ ಎರಡೂ ಕಾಣುವ ದುಬಾರಿ ಲೆನ್ಸ್ ತೋರಿಸಿದರೆ ಆಸೆ ಪಡಬೇಡಿ. ನರ ಸವೆದ ಕಣ್ಣಿಗೆ ಮಸುಕು ಬೆಳಕಿನಲ್ಲಿ ವಸ್ತು ಗುರುತಿಸುವುದೇ ಕಷ್ಟ, ಅಂಥ ಲೆನ್ಸ್ ಅದನ್ನು ಇನ್ನೂ ತಗ್ಗಿಸುತ್ತದೆ. ಸಾದಾ ಲೆನ್ಸೇ ಸರಿ.

ಖರ್ಚಿನ ಬಗ್ಗೆ ಮೂವರು ಖಾಸಗಿಯಾಗಿ ಕೇಳಿದ್ದಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ನಿಮಗೆ ಹೇಳಿರುವ ಆಪರೇಷನ್ ಎಲ್ಲಿ, ಯಾವ ಶಿಫಾರಸು ಪತ್ರದ ಮೇಲೆ ಆಗುತ್ತದೆ ಎಂದು ಸರ್ಕಾರಿ ಆಸ್ಪತ್ರೆಯಲ್ಲಿರುವ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ದಾಖಲಾದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಆಳಂದದ ಮಗ · ಏಪ್ರಿಲ್ 20, ರಾತ್ರಿ 9:50

ಎರಡು ತಿಂಗಳು ಬರೆಯಲಾಗಲಿಲ್ಲ, ಕ್ಷಮಿಸಿ. ಮಾರ್ಚ್ ಮೊದಲ ವಾರ ಅಪ್ಪನ ಬಲಗಣ್ಣಿಗೆ ಒಟ್ಟಿಗೇ ಆಯಿತು, ಕಲಬುರಗಿಯಲ್ಲೇ. ಹೈದರಾಬಾದಿಗೆ ಹೊರಡುವುದೆಂದು ರೈಲಿನ ಟಿಕೆಟ್ ಕೂಡ ತೆಗೆದಿದ್ದೆ. ಮಾಸ್ತರರ ಒಂಬತ್ತು ಸಲದ ಲೆಕ್ಕ ನೆನಪಾಗಿ ರದ್ದು ಮಾಡಿದೆ. ಅಪ್ಪ ಆರು ವಾರ ನನ್ನ ಬಾಡಿಗೆ ಮನೆಯಲ್ಲಿದ್ದರು. ನಮ್ಮದು ಏಳು ಸಲಕ್ಕೆ ಮುಗಿಯಿತು. ಹೊಲಿಗೆಯನ್ನು ಒಮ್ಮೆ ಸಡಿಲಿಸಿದರು. ಈಗ ಆ ಕಣ್ಣಿಗೆ ಗ್ಲಾಕೋಮಾದ ಹನಿ ಇಲ್ಲ, ಒತ್ತಡ 13.

ಚೌಬಾರಾ ಭಾಯಿ ಹೇಳಿದಂತೆ ಮೊದಲೇ ಕುಳಿತು ಹೇಳಿದೆ. ಅಪ್ಪ ಎಲ್ಲ ಕೇಳಿ, "ಅಂದರೆ ಇದು ಬಿತ್ತನೆಯಲ್ಲ, ಬೇಲಿ" ಎಂದರು. ನನಗಿಂತ ಅವರಿಗೇ ಚೆನ್ನಾಗಿ ಅರ್ಥವಾಗಿತ್ತು. ಆದರೂ ಮೇಲಿನ ಕಡೆಯ ಬಾಗಿಲ ಚೌಕಟ್ಟಿಗೆ ಇನ್ನೂ ತಲೆ ತಾಗಿಸಿಕೊಳ್ಳುತ್ತಾರೆ. ಅದು ಹೋಗುವುದಿಲ್ಲ.

ಈಗ ಹೊಸ ಚಿಂತೆ. ಊರಿಗೆ ಹೋಗಿದ್ದಾರೆ, ಅಲ್ಲಿ ಫ್ರಿಜ್ ಇಲ್ಲ, ಬಿಸಿಲು 42. ಎಡಗಣ್ಣಿನ ಲ್ಯಾಟನೋಪ್ರಾಸ್ಟ್ ಹನಿಯನ್ನು ತಂಪಿನಲ್ಲಿಡಿ ಎಂದು ಬರೆದಿದೆ.

ನಿವೃತ್ತ ಮಾಸ್ತರ, ಬೀದರ · ಏಪ್ರಿಲ್ 21, ಬೆಳಿಗ್ಗೆ 6:15

ಬಹಳ ಸಂತೋಷ ತಮ್ಮಾ. ಒಂದು ಮಾತು ಬಿಟ್ಟಿದ್ದೆ. ಮೇಲಿನ ರೆಪ್ಪೆಯ ಕೆಳಗೆ ನೀರಿನ ಸಣ್ಣ ಉಬ್ಬು ಇರುತ್ತದಲ್ಲ, ಅದು ಜೀವಮಾನವಿಡೀ ಇರಬೇಕಾದದ್ದು, ಉಜ್ಜಬಾರದು. ವರ್ಷಗಳ ಮೇಲೂ ಅಲ್ಲಿ ಸೋಂಕು ತಗಲಬಹುದು. ಕಣ್ಣು ಕೆಂಪಾಗಿ, ಪಿಸುರು ಬಂದು, ಮಂಜಾದರೆ ನಾಳೆ ಎನ್ನದೆ ಅದೇ ದಿನ ಆಸ್ಪತ್ರೆಗೆ. ಮುಂದಿನ ರಾಶಿಯ ಹೊತ್ತಿಗೆ ಯಂತ್ರದ ಧೂಳಿನ ಕಡೆಗೆ ಬಿಡಬೇಡ, ಕನ್ನಡಕ ಹಾಕಿಸು.

ಕಣ್ಣಳತೆ ಯಾದಗಿರಿ · ಏಪ್ರಿಲ್ 21, ರಾತ್ರಿ 8:40

ತೆರೆಯದ ಬಾಟಲಿ ಫ್ರಿಜ್‌ನಲ್ಲೇ ಇರಬೇಕು, ಅದು ನಿಮ್ಮ ಬಳಿ ಕಲಬುರಗಿಯಲ್ಲಿರಲಿ. ತೆರೆದದ್ದು 25 ಡಿಗ್ರಿಯೊಳಗೆ ಆರು ವಾರ ಬಾಳುತ್ತದೆ, ನಮ್ಮ ಏಪ್ರಿಲ್‌ನಲ್ಲಿ ಆ 25 ಎಲ್ಲಿಂದ ತರುವುದು! ನಮ್ಮ ಹಳ್ಳಿಗಳಲ್ಲಿ ಬಾಟಲಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ನೀರಿನ ಗಡಿಗೆಗೆ ಒದ್ದೆ ಬಟ್ಟೆಯಿಂದ ಸುತ್ತಿ ಇಡಲು ಹೇಳುತ್ತೇವೆ. ಅದಕ್ಕಿಂತ ಒಳ್ಳೆಯದು ವೈದ್ಯರಿಗೆ ಮನೆಯಲ್ಲಿ ಫ್ರಿಜ್ ಇಲ್ಲ ಎಂದು ಹೇಳುವುದು, ಫ್ರಿಜ್ ಬೇಡದ ಹನಿಗಳೂ ಇವೆ. ಎರಡು ಹನಿಗಳ ನಡುವೆ ಐದು ನಿಮಿಷ ಬಿಡಲಿ, ಹಾಕಿದ ಮೇಲೆ ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಲಿ.

ಆಳಂದದ ಮಗ · ಏಪ್ರಿಲ್ 22, ರಾತ್ರಿ 9:00

ಗಡಿಗೆಯ ಉಪಾಯವನ್ನು ಅವ್ವ ಆಗಲೇ ಮಾಡಿದ್ದಾಳೆ, ನನ್ನನ್ನು ಕೇಳದೆ. ಎಡಗಣ್ಣಿಗೆ ಬರೀ ಪೊರೆ ತೆಗೆದರೆ ಸಾಕು, ಹನಿ ಮುಂದುವರಿಯಲಿ ಎಂದು ಅದೇ ಎರಡನೆಯ ವೈದ್ಯರು ಹೇಳಿದ್ದಾರೆ. ಅಪ್ಪ, "ಮಿರಗದ ಮಳೆ ಬರಲಿ, ತೊಗರಿ ಬಿತ್ತಿ ಬರುತ್ತೇನೆ" ಎನ್ನುತ್ತಿದ್ದಾರೆ. ಬಿತ್ತುವ ಮುಂಚೆಯೇ ಆಗಲಿ ಎನ್ನುವುದು ಅವ್ವನ ಹಟ.

ತೊಗರಿ ಕಣಜ · ಏಪ್ರಿಲ್ 22, ರಾತ್ರಿ 9:12

ಅವ್ವನ ಮಾತು ಕೇಳಿ. ಬಿತ್ತಿದ ಮೇಲೆ ಎಡೆ ಹೊಡೆಯಬೇಕು ಎನ್ನುತ್ತಾರೆ, ಆಮೇಲೆ ಕಸ ತೆಗೆಯಬೇಕು ಎನ್ನುತ್ತಾರೆ. ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ, ನಾಳೆ ನಾನೂ ಅವರ ಕಣ್ಣಿನ ಒತ್ತಡ ನೋಡಿಸಲು ಹೊರಟಿದ್ದೇನೆ.